ಸರ್ಕಾರಿ ಕಚೇರಿಯಲ್ಲಿ ಇಂಟರ್ನ್‌ಶಿಪ್: ವಿಶ್ವವಿದ್ಯಾಲಯದ ಫೆಲೋಶಿಪ್‌ಗೆ ಅರ್ಜಿ ಸಲ್ಲಿಸುವ ಬಗೆ

ಜಿಲ್ಲಾ ಪಂಚಾಯತಿ, ಮಹಾನಗರ ಪಾಲಿಕೆ, ತಹಶೀಲ್ದಾರರ ಕಚೇರಿ ಅಥವಾ ದಿಲ್ಲಿಯ ಯಾವುದಾದರೊಂದು ಸಂಸ್ಥೆಯಲ್ಲಿ ಆರೆಂಟು ವಾರ ಇಂಟರ್ನ್ ಆಗಿ ಕೆಲಸ ಕಲಿಯುವ ಅವಕಾಶ ಇಂದು ಪದವಿ ತರಗತಿಯ ವಿದ್ಯಾರ್ಥಿಗೂ ಇದೆ. ಆದರೆ ಈ ಕೆಲಸಕ್ಕೆ ಬಹುಪಾಲು ಕಡೆ ಭತ್ಯೆ ಇರುವುದಿಲ್ಲ. ಊರು ಬಿಟ್ಟು ಬಂದು, ಕೊಠಡಿ ಹಿಡಿದು, ಖಾನಾವಳಿಯಲ್ಲಿ ಉಂಡು ಎರಡು ತಿಂಗಳು ಸಂಬಳವಿಲ್ಲದೆ ದುಡಿಯುವುದು ಮನೆಯಲ್ಲಿ ಅನುಕೂಲವಿದ್ದವರಿಗೆ ಮಾತ್ರ ಸಾಧ್ಯವಾಗುತ್ತದೆ. ರಜೆಯಲ್ಲಿ ಹೊಲದ ಕೆಲಸಕ್ಕೋ ಅಂಗಡಿಯ ಕೆಲಸಕ್ಕೋ ಹೋಗಿ ಮುಂದಿನ ಸೆಮಿಸ್ಟರಿನ ಶುಲ್ಕ ಹೊಂದಿಸಬೇಕಾದವರಿಗೆ ಸಾಧ್ಯವಾಗುವುದಿಲ್ಲ. ವಿಶ್ವವಿದ್ಯಾಲಯ, ಕಾಲೇಜು ಅಥವಾ ಹಳೆಯ ವಿದ್ಯಾರ್ಥಿಗಳ ದತ್ತಿನಿಧಿಯಿಂದ ಕೊಡುವ ಇಂಟರ್ನ್‌ಶಿಪ್ ಫೆಲೋಶಿಪ್ ಇರುವುದು ಈ ಕೊರತೆಯನ್ನು ತುಂಬಲು. ಆದ್ದರಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳು ಹಣದ ಅಗತ್ಯವನ್ನು ಅರ್ಜಿಯಲ್ಲಿ ಬರೆಯಲು ಸಂಕೋಚಪಡಬೇಕಾಗಿಲ್ಲ. ಈ ಮೂರು ಜಿಲ್ಲೆಗಳ ವಿದ್ಯಾರ್ಥಿಗಳ ಅರ್ಜಿಗಳನ್ನು ಓದುತ್ತ, ತಿದ್ದಿಕೊಡುತ್ತ ಬಂದವನಾಗಿ ನನಗೆ ತಿಳಿದಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಟ್ಟಮೊದಲು ತಿಳಿಯಬೇಕಾದ ಸಂಗತಿಯೆಂದರೆ, ನೀವು ಹಾಕಬೇಕಾದ ಅರ್ಜಿ ಒಂದಲ್ಲ, ಎರಡು. ಒಂದು, ನಿಮ್ಮನ್ನು ಇಂಟರ್ನ್ ಆಗಿ ಸೇರಿಸಿಕೊಳ್ಳಿ ಎಂದು ಸರ್ಕಾರಿ ಕಚೇರಿಗೆ ಕೊಡುವ ಅರ್ಜಿ. ಇನ್ನೊಂದು, ಆ ಅವಧಿಯ ಖರ್ಚಿಗೆ ನೆರವು ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಕೊಡುವ ಅರ್ಜಿ. ಹೆಚ್ಚಿನವರು ಎರಡನೆಯದನ್ನು ಮೊದಲು ಕೈಗೆತ್ತಿಕೊಂಡು, ‘ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವೆ’ ಎಂದು ಬರೆಯುತ್ತಾರೆ. ಇಂಥ ಅರ್ಜಿಯ ಬಗ್ಗೆ ಆಯ್ಕೆ ಸಮಿತಿಗೆ ನಿರ್ಧಾರ ತೆಗೆದುಕೊಳ್ಳಲು ಏನೂ ಸಿಗುವುದಿಲ್ಲ. ಯಾವ ಕಚೇರಿ, ಯಾವ ಅಧಿಕಾರಿಯ ಕೈಕೆಳಗೆ, ಯಾವ ಕೆಲಸ, ಎಷ್ಟು ವಾರ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿದ್ದಾಗ ಫೆಲೋಶಿಪ್ ಅರ್ಜಿಯ ಅರ್ಧ ಭಾಗ ಬರೆದು ಮುಗಿದಂತೆಯೇ. ಕಚೇರಿ ಮೊದಲು, ಫೆಲೋಶಿಪ್ ನಂತರ; ಈ ಕ್ರಮವನ್ನು ತಪ್ಪಿಸಬೇಡಿರಿ.

ಸುತ್ತೋಲೆಯಲ್ಲಿ ಏನನ್ನು ನೋಡಬೇಕು

ಫೆಲೋಶಿಪ್‌ನ ಸುತ್ತೋಲೆಯನ್ನು ಸೂಚನಾ ಫಲಕದಲ್ಲಿ ಓದಿ ಹೋಗದೆ, ಅದರ ಪ್ರತಿಯನ್ನು ಪಡೆದು ಪೂರ್ತಿ ಓದಬೇಕು. ಯಾವ ಸೆಮಿಸ್ಟರಿನವರು ಅರ್ಹರು, ಹಿಂದಿನ ವಿಷಯ ಬಾಕಿ ಇದ್ದವರು ಅರ್ಜಿ ಹಾಕಬಹುದೇ, ಇತರ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಅಡ್ಡಿ ಇದೆಯೇ ಎಂಬುವನ್ನು ಗುರುತು ಹಾಕಿಕೊಳ್ಳಿರಿ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಈಗಾಗಲೇ ಹಣ ಬರುತ್ತಿದ್ದರೆ ಅದನ್ನು ಅರ್ಜಿಯಲ್ಲಿ ನೀವಾಗಿಯೇ ತಿಳಿಸುವುದು ಒಳ್ಳೆಯದು. ಇನ್ನೊಂದು ಮುಖ್ಯ ವಿಷಯವೆಂದರೆ, ಹಣವನ್ನು ಮುಂಗಡವಾಗಿ ಕೊಡುತ್ತಾರೋ ಅಥವಾ ಕೆಲಸ ಮುಗಿದು ವರದಿ ಸಲ್ಲಿಸಿದ ಮೇಲೆ ಕೊಡುತ್ತಾರೋ ಎಂಬುದು. ಆಮೇಲೆ ಹಣ ಕೊಡುವ ಪದ್ಧತಿಯಿದ್ದರೆ ಮೊದಲ ತಿಂಗಳ ಬಾಡಿಗೆ ಮತ್ತು ಊಟದ ಹಣವನ್ನು ನೀವೇ ಹೊಂದಿಸಬೇಕಾಗುತ್ತದೆ. ಸುತ್ತೋಲೆಯಲ್ಲಿ ಇದು ಸ್ಪಷ್ಟವಿಲ್ಲದಿದ್ದರೆ ಸಂಬಂಧಪಟ್ಟ ವಿಭಾಗಕ್ಕೆ ಹೋಗಿ ಕೇಳಿರಿ. ಒಂದಿಷ್ಟು ಹಣವನ್ನು ಮುಂಗಡವಾಗಿ ಕೊಡಬೇಕೆಂದು ಬರವಣಿಗೆಯಲ್ಲಿ ಕೋರಲು ಯಾವ ಅಡ್ಡಿಯೂ ಇಲ್ಲ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇವೆಲ್ಲ ಬೇರೆ ಬೇರೆ ಸಂಸ್ಥೆಗಳಾದ್ದರಿಂದ ಒಂದರ ನಿಯಮ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಬಾಗಲಕೋಟೆ ಜಿಲ್ಲೆಗೆ ಜಮಖಂಡಿಯಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ಆರಂಭವಾದ ಮೇಲೆ, ಒಂದೇ ಕಾಲೇಜಿನಲ್ಲಿ ಹಿರಿಯ ಬ್ಯಾಚಿನವರ ಮತ್ತು ಕಿರಿಯ ಬ್ಯಾಚಿನವರ ನೋಂದಣಿ ಬೇರೆ ಬೇರೆ ಕಡೆ ಇರುವ ಸಂದರ್ಭವೂ ಉಂಟು. ನಿಮ್ಮ ನೋಂದಣಿ ಸಂಖ್ಯೆ ಯಾವ ವಿಶ್ವವಿದ್ಯಾಲಯದ್ದು ಎಂಬುದನ್ನು ಖಚಿತಪಡಿಸಿಕೊಂಡೇ ಅರ್ಜಿ ನಮೂನೆಯನ್ನು ತುಂಬಿರಿ.

ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಸಿಗುತ್ತದೆಯೇ ಎಂಬುದನ್ನೂ ವಿಭಾಗದ ಮುಖ್ಯಸ್ಥರಲ್ಲಿ ವಿಚಾರಿಸಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾರ್ಗಸೂಚಿಯಂತೆ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕೆಲಸ. ನಾಲ್ಕನೆಯ ಸೆಮಿಸ್ಟರಿನ ನಂತರ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್ ಮಾಡುವುದನ್ನು ಆ ಮಾರ್ಗಸೂಚಿ ಹೇಳುತ್ತದೆ. ನಿಮಗೆ ಅನ್ವಯಿಸುವುದು ಮಾತ್ರ ನಿಮ್ಮ ಪಠ್ಯಕ್ರಮದ ನಿಯಮವೇ. ಗಂಟೆಗಳ ಲೆಕ್ಕ ಬೇಕಾಗುವುದಾದರೆ ಮೊದಲ ದಿನದಿಂದಲೇ ಹಾಜರಿ ಪುಸ್ತಕ ಇಡಬೇಕಾಗುತ್ತದೆ.

ಕಚೇರಿಯನ್ನು ಆರಿಸಿಕೊಳ್ಳುವುದು

ಬೆಂಗಳೂರು ಅಥವಾ ದಿಲ್ಲಿಯ ಕಚೇರಿಯೇ ದೊಡ್ಡದು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಕುಡಿಯುವ ನೀರು, ಗ್ರಂಥಾಲಯ, ಪ್ರಾಥಮಿಕ ಶಿಕ್ಷಣ, ಸಣ್ಣ ನೀರಾವರಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಎಲ್ಲವೂ ಅದರಲ್ಲಿವೆ. ಒಂದು ಯೋಜನೆಯ ಹಣ ಮೇಲಿನಿಂದ ಬಂದು ಹಳ್ಳಿಯ ನಳಕ್ಕೆ ನೀರಾಗಿ ತಲುಪುವವರೆಗಿನ ಹಾದಿಯನ್ನು ಜಿಲ್ಲಾ ಪಂಚಾಯತಿಯ ಒಂದು ಶಾಖೆಯಲ್ಲಿ ಕುಳಿತು ನೋಡಿದಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ನೋಡಲಾಗುವುದಿಲ್ಲ. ಅಲ್ಲದೆ ಊರಿಗೆ ಹತ್ತಿರವಿರುವ ಕಚೇರಿಯಲ್ಲಿ ಖರ್ಚೂ ಕಡಿಮೆಯಾಗುತ್ತದೆ.

ಈ ಮೂರು ಜಿಲ್ಲೆಗಳಲ್ಲಿ ಕೆಲಸದ ವೈವಿಧ್ಯಕ್ಕೆ ಕೊರತೆಯಿಲ್ಲ. ಬೆಳಗಾವಿ ಕಂದಾಯ ವಿಭಾಗದ ಕೇಂದ್ರ. ಏಳು ಜಿಲ್ಲೆಗಳನ್ನು ನೋಡಿಕೊಳ್ಳುವ ಪ್ರಾದೇಶಿಕ ಆಯುಕ್ತರ ಕಚೇರಿ ಇಲ್ಲಿದೆ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ, ಅಂದರೆ 2016ರಲ್ಲಿಯೇ, ಬೆಳಗಾವಿಯ ಹೆಸರಿತ್ತು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಹೊಸ ಪದವೀಧರರಿಗೆ ಇಂಟರ್ನ್‌ಶಿಪ್ ಕೊಡಲೆಂದು ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಮತ್ತು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2020ರಲ್ಲಿ ‘ಟ್ಯುಲಿಪ್’ ಕಾರ್ಯಕ್ರಮವನ್ನು ಆರಂಭಿಸಿದವು. ಇದು ಓದು ಮುಗಿಸಿದವರಿಗಾಗಿ ರೂಪಿಸಿದ್ದು ಎಂಬುದನ್ನು ಅಂತಿಮ ವರ್ಷದವರು ಗಮನಿಸಬೇಕು. ಬಾಗಲಕೋಟೆಯ ವಿಷಯವೇ ಬೇರೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರಗಳು, ನವನಗರ, ಹಕ್ಕುಪತ್ರಗಳ ದಾಖಲೆ ಇವೆಲ್ಲ ಸಮಾಜಶಾಸ್ತ್ರ, ಕಾನೂನು ಮತ್ತು ಭೂಗೋಳದ ವಿದ್ಯಾರ್ಥಿಗಳಿಗೆ ತೆರೆದ ಪಾಠಶಾಲೆಯೇ ಸರಿ. ವಿಜಯಪುರದಲ್ಲಿ ಕೆರೆ ತುಂಬಿಸುವ ಯೋಜನೆಗಳು, ತೋಟಗಾರಿಕೆ, ಸ್ಮಾರಕಗಳ ನಡುವೆ ಬೆಳೆಯುತ್ತಿರುವ ನಗರದ ಆಡಳಿತ ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು.

ನಿಮ್ಮ ಭಾಷೆಯೂ ಇಲ್ಲಿ ನಿಮ್ಮ ಅರ್ಹತೆಯಾಗುತ್ತದೆ. ಖಾನಾಪುರ, ನಿಪ್ಪಾಣಿಯ ಕಡೆಯಿಂದ ಬಂದು ಕನ್ನಡದ ಜೊತೆಗೆ ಮರಾಠಿಯನ್ನೂ ಮಾತನಾಡುವ, ಅಥವಾ ವಿಜಯಪುರದಲ್ಲಿ ಬೆಳೆದು ಉರ್ದು ಬಲ್ಲ ವಿದ್ಯಾರ್ಥಿ ಸಾರ್ವಜನಿಕರ ಅಹವಾಲು ಕೇಳುವ ಕೆಲಸಕ್ಕೆ ಹೇಳಿ ಮಾಡಿಸಿದವರು. ಇದನ್ನು ಅರ್ಜಿಯಲ್ಲಿ ಬರೆಯುವುದನ್ನು ಬಹಳ ಮಂದಿ ಮರೆಯುತ್ತಾರೆ.

ದಿಲ್ಲಿಗೇ ಹೋಗಬೇಕೆಂಬ ನಿರ್ಧಾರವಿದ್ದರೆ ನೀತಿ ಆಯೋಗದ ಇಂಟರ್ನ್‌ಶಿಪ್ ಒಂದು ಉತ್ತಮ ಉದಾಹರಣೆ. ಪ್ರತಿ ತಿಂಗಳ 1ರಿಂದ 10ನೆಯ ತಾರೀಖಿನವರೆಗೆ ಆನ್‌ಲೈನ್ ಅರ್ಜಿ ಸ್ವೀಕರಿಸುತ್ತಾರೆ. ಅವಧಿ ಕನಿಷ್ಠ ಆರು ವಾರ, ಗರಿಷ್ಠ ಆರು ತಿಂಗಳು. ಭತ್ಯೆ ಇಲ್ಲ, ಲ್ಯಾಪ್‌ಟಾಪ್ ನಿಮ್ಮದೇ ಬೇಕು, ಕಾಲೇಜಿನ ನಿರಾಕ್ಷೇಪಣಾ ಪತ್ರವೂ ಬೇಕು. ವಿಶ್ವವಿದ್ಯಾಲಯದ ಫೆಲೋಶಿಪ್ ಬಹಳ ಬೇಕಾಗುವುದು ಇಂಥ ಕಡೆಗೇ. ಸಂಸದರೊಬ್ಬರ ಜೊತೆ ಕೆಲಸ ಮಾಡುವ ಪಿಆರ್‌ಎಸ್ ಸಂಸ್ಥೆಯ ‘ಲ್ಯಾಂಪ್’ ಫೆಲೋಶಿಪ್ ಪದವಿ ಮುಗಿಸಿದ, 25 ವರ್ಷದೊಳಗಿನವರಿಗೆ ಮೀಸಲಾದದ್ದು. ಅದಕ್ಕೆ ಅದರದೇ ಭತ್ಯೆ ಇರುವುದರಿಂದ ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಶಾಸಕರ ಕಚೇರಿಯಲ್ಲಿ ಜನರ ಅರ್ಜಿಗಳನ್ನು ನೋಡಿಕೊಳ್ಳುವುದು ಸರ್ಕಾರಿ ಕೆಲಸದ ಕಲಿಕೆ, ಪಕ್ಷದ ಪ್ರಚಾರಕ್ಕೆ ದುಡಿಯುವುದು ಅದಲ್ಲ. ಸಾರ್ವಜನಿಕ ವಿಶ್ವವಿದ್ಯಾಲಯದ ಹಣವನ್ನು ಎರಡನೆಯದಕ್ಕೆ ಕೇಳಬಾರದು.

ಕಚೇರಿಯಿಂದ ಒಪ್ಪಿಗೆ ಪತ್ರ ಪಡೆಯುವುದು

ಇಡೀ ಪ್ರಯತ್ನದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಮೊದಲು ವಿಭಾಗದ ಮುಖ್ಯಸ್ಥರಿಂದ ಅಥವಾ ಪ್ರಾಚಾರ್ಯರಿಂದ ಪರಿಚಯ ಪತ್ರ ಪಡೆಯಿರಿ. ಅದರ ಜೊತೆಗೆ ನಿಮ್ಮ ಅರ್ಜಿಯನ್ನು ಕಚೇರಿಯ ಪದ್ಧತಿಯಂತೆಯೇ ಬರೆಯಿರಿ: ‘ಇವರಿಂದ’, ‘ಇವರಿಗೆ’, ‘ಮಾನ್ಯರೆ’, ‘ವಿಷಯ’, ‘ಉಲ್ಲೇಖ’. ವಿಷಯದ ಸಾಲಿನಲ್ಲಿಯೇ ಪೂರ್ತಿ ಸಂಗತಿ ಇರಬೇಕು. ‘ಗ್ರಾಮ ಪಂಚಾಯತಿ ಗ್ರಂಥಾಲಯಗಳ ಶಾಖೆಯಲ್ಲಿ ಎಂಟು ವಾರಗಳ ಇಂಟರ್ನ್‌ಶಿಪ್‌ಗೆ ಅನುಮತಿ ಕೋರಿ’ ಎಂದು ಬರೆದರೆ ಅರ್ಜಿ ನೇರವಾಗಿ ಆ ಶಾಖೆಗೆ ಹೋಗುತ್ತದೆ, ಬರಿಯ ‘ಇಂಟರ್ನ್‌ಶಿಪ್ ಕುರಿತು’ ಎಂದರೆ ಯಾವ ಮೇಜಿಗೆ ಹೋಗಬೇಕೆಂಬುದೇ ತಿಳಿಯದೆ ನಿಲ್ಲುತ್ತದೆ. ಜಿಲ್ಲಾ ಪಂಚಾಯತಿಯಾದರೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ, ಪಾಲಿಕೆಯಾದರೆ ಆಯುಕ್ತರಿಗೆ, ಕಂದಾಯ ಇಲಾಖೆಯಾದರೆ ಜಿಲ್ಲಾಧಿಕಾರಿಗೆ ಸಂಬೋಧಿಸಿ ಬರೆಯಬೇಕು.

ಅರ್ಜಿಯನ್ನು ಪರಿಚಯದ ನೌಕರರ ಕೈಗೆ ಕೊಟ್ಟು ಬರಬಾರದು. ಬಂದ ಪತ್ರಗಳನ್ನು ದಾಖಲಿಸಿಕೊಳ್ಳುವ ಆವಕ ಶಾಖೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮುದ್ರೆ, ತಾರೀಖು ಮತ್ತು ಆವಕ ಸಂಖ್ಯೆ ಹಾಕಿಸಿಕೊಂಡು ಇಟ್ಟುಕೊಳ್ಳಿರಿ. ಹತ್ತು ದಿನಗಳ ನಂತರ ಹೋದಾಗ ಆ ಸಂಖ್ಯೆ ಹೇಳಿದರೆ ಕಡತ ಯಾರ ಮೇಜಿನ ಮೇಲಿದೆ, ಅಧಿಕಾರಿಗಳ ಷರಾ (ಕಡತದ ಮೇಲೆ ಬರೆಯುವ ಟಿಪ್ಪಣಿ) ಏನಾಗಿದೆ ಎಂಬುದು ತಿಳಿಯುತ್ತದೆ. ಸಂಖ್ಯೆ ಇಲ್ಲದಿದ್ದರೆ ಹೊಸದಾಗಿ ಕೊಡಿ ಎಂಬ ಉತ್ತರವೇ ಬರುತ್ತದೆ. ಶಾಖೆಯ ವಿಷಯ ನಿರ್ವಾಹಕರನ್ನು ಗೌರವದಿಂದ ಕಾಣಿರಿ. ಸಹಿ ಹಾಕುವವರು ದೊಡ್ಡ ಅಧಿಕಾರಿಯಾದರೂ ಟಿಪ್ಪಣಿ ಬರೆದು ಮಂಡಿಸುವವರು ಅವರೇ, ಮುಂದೆ ನಿಮಗೆ ಕೆಲಸ ಕಲಿಸುವವರೂ ಅವರೇ.

ಕಾಲವನ್ನೂ ನೋಡಿಕೊಳ್ಳಬೇಕು. ಮಾರ್ಚ್ ತಿಂಗಳಲ್ಲಿ ಆರ್ಥಿಕ ವರ್ಷದ ಕೊನೆಯ ಬಿಲ್ಲುಗಳ ಒತ್ತಡವಿರುತ್ತದೆ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ನಡೆಯುವ ದಿನಗಳಲ್ಲಿ ಜಿಲ್ಲೆಯ ಅಧಿಕಾರಿಗಳೆಲ್ಲ ಅದರಲ್ಲಿಯೇ ಮುಳುಗಿರುತ್ತಾರೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳಿಗೆ ನೆರೆ ಬಂದರೆ ಕಂದಾಯ ಇಲಾಖೆಯಲ್ಲಿ ಬೇರೆ ಯಾವ ಕಡತವೂ ಚಲಿಸುವುದಿಲ್ಲ, ಚಲಿಸಲೂಬಾರದು. ಬೇಸಿಗೆ ರಜೆಯ ಇಂಟರ್ನ್‌ಶಿಪ್‌ಗೆ ಜನವರಿಯಲ್ಲಿಯೇ ಕಚೇರಿಗೆ ಅರ್ಜಿ ಕೊಡುವುದು ನಾನು ಕಂಡಂತೆ ಸರಿಯಾದ ಕಾಲ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ ಇರುವುದನ್ನು ನೆನಪಿಟ್ಟುಕೊಂಡರೆ ದೂರದಿಂದ ಬರುವವರ ಬಸ್ ಖರ್ಚು ಉಳಿಯುತ್ತದೆ.

ಕೊನೆಗೆ ಸಿಗುವ ಒಪ್ಪಿಗೆ ಪತ್ರದಲ್ಲಿ ನಿಮ್ಮ ಪೂರ್ತಿ ಹೆಸರು, ಶಾಖೆ, ಮಾರ್ಗದರ್ಶಕ ಅಧಿಕಾರಿಯ ಪದನಾಮ, ಆರಂಭದ ಮತ್ತು ಮುಕ್ತಾಯದ ತಾರೀಖು, ಹಾಗೂ ‘ಯಾವುದೇ ಭತ್ಯೆ ನೀಡಲಾಗುವುದಿಲ್ಲ’ ಎಂಬ ವಾಕ್ಯ ಇರುವಂತೆ ನೋಡಿಕೊಳ್ಳಿರಿ. ಈ ಕೊನೆಯ ವಾಕ್ಯವೇ ಫೆಲೋಶಿಪ್ ಸಮಿತಿಯ ಮುಂದೆ ನಿಮ್ಮ ಅಗತ್ಯಕ್ಕೆ ಆಧಾರವಾಗುತ್ತದೆ.

ಉದ್ದೇಶ ಪತ್ರ

ಒಂದು ಅಥವಾ ಎರಡು ಪುಟದ ಈ ಪತ್ರದ ಮೇಲೆಯೇ ಆಯ್ಕೆ ನಿಂತಿರುತ್ತದೆ. ‘ನನಗೆ ಬಾಲ್ಯದಿಂದಲೂ ಸಮಾಜಸೇವೆಯಲ್ಲಿ ಆಸಕ್ತಿ ಇದ್ದು, ಐಎಎಸ್ ಅಧಿಕಾರಿಯಾಗಿ ದೇಶಸೇವೆ ಮಾಡುವುದು ನನ್ನ ಕನಸಾಗಿದೆ’ ಎಂಬ ವಾಕ್ಯದಿಂದ ಆರಂಭವಾಗುವ ಪತ್ರಗಳೇ ಹೆಚ್ಚು. ಆ ಕನಸು ನಿಜವಾದದ್ದೇ ಇರಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬರೆದವರು ಯಾರು, ಏನನ್ನು ಕಂಡವರು ಎಂಬುದು ಅದರಿಂದ ತಿಳಿಯುವುದಿಲ್ಲ. ಅದರ ಬದಲು ಈ ರೀತಿ ಬರೆದಿದ್ದಾರೆಂದು ಭಾವಿಸಿರಿ:

‘ಹುನಗುಂದ ತಾಲ್ಲೂಕಿನ ನಮ್ಮೂರ ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಕುಳಿತು ನಾನು ಪಿಯುಸಿ ಪರೀಕ್ಷೆಗೆ ಓದಿದೆ. ಸಂಜೆಯ ಹೊತ್ತು ಅಲ್ಲಿ ಹುಡುಗರೇ ತುಂಬಿರುತ್ತಿದ್ದರು. ನನ್ನ ಓರಗೆಯ ಹುಡುಗಿಯರು ಪುಸ್ತಕವನ್ನು ಎರವಲು ಪಡೆದು ಮನೆಗೆ ಒಯ್ಯುತ್ತಿದ್ದರೇ ಹೊರತು ಕುಳಿತು ಓದುತ್ತಿರಲಿಲ್ಲ. ಬಾಗಲಕೋಟೆ ಜಿಲ್ಲಾ ಪಂಚಾಯತಿಯಲ್ಲಿ ಎಂಟು ವಾರ ಕೆಲಸ ಮಾಡಿ, ತಾಲ್ಲೂಕಿನ ಆರು ಗ್ರಂಥಾಲಯಗಳ ಹಾಜರಿ ವಹಿ ಮತ್ತು ಎರವಲು ವಹಿಗಳನ್ನು ಹೋಲಿಸಿ, ಯಾವ ವೇಳೆಯಲ್ಲಿ ಯಾರು ಬರುತ್ತಾರೆಂಬುದನ್ನು ದಾಖಲಿಸಿ, ವೇಳಾಪಟ್ಟಿಯಲ್ಲಿ ಮಾಡಬಹುದಾದ ಬದಲಾವಣೆಯ ಬಗ್ಗೆ ಟಿಪ್ಪಣಿ ಸಲ್ಲಿಸುವುದು ನನ್ನ ಉದ್ದೇಶ.’

ಈ ಕೆಲವೇ ಸಾಲುಗಳಲ್ಲಿ ಬರೆದವಳ ಊರು, ಅವಳು ಕಣ್ಣಾರೆ ಕಂಡ ಸಮಸ್ಯೆ, ಕಚೇರಿ, ಅವಧಿ, ನೋಡಬೇಕಾದ ದಾಖಲೆ ಮತ್ತು ಕೊನೆಗೆ ಕೈಗೆ ಬರುವ ಫಲ ಎಲ್ಲವೂ ಇವೆ. ಜಿಲ್ಲೆಯ ಎಲ್ಲ ಗ್ರಂಥಾಲಯಗಳನ್ನು ಸುಧಾರಿಸುತ್ತೇನೆ ಎನ್ನದೆ ಆರಕ್ಕೆ ಮಿತಿಗೊಳಿಸಿದ್ದರಿಂದ ಮಾತಿಗೆ ತೂಕ ಬಂದಿದೆ. ನೀವು ಕಚೇರಿಯ ಕಟಕಟೆಯ ಹೊರಗೆ ಸಾಲಿನಲ್ಲಿ ನಿಂತು ಜಾತಿ ಪ್ರಮಾಣಪತ್ರಕ್ಕೋ ಪಹಣಿಗೋ ಕಾದಿದ್ದರೆ ಅದೂ ಅನುಭವವೇ. ಅದನ್ನು ದೂರಿನಂತೆ ಬರೆಯದೆ, ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯುವ ಕುತೂಹಲಕ್ಕೆ ಕಾರಣವಾಗಿ ಬರೆಯಿರಿ.

ಇಂಟರ್‌ನೆಟ್ಟಿನಲ್ಲಿ ಸಿಗುವ ಮಾದರಿ ಪತ್ರವನ್ನು ನಕಲು ಮಾಡಬೇಡಿರಿ. ಒಂದೇ ಕಂತೆಯಲ್ಲಿ ಒಂದೇ ವಾಕ್ಯ ಮೂರು ಅರ್ಜಿಗಳಲ್ಲಿ ಬಂದರೆ ಮೂರರ ಮೇಲೂ ಓದುವವರ ವಿಶ್ವಾಸ ಹೋಗುತ್ತದೆ. ಜಿಲ್ಲೆಯ ಕಚೇರಿಗೆ ಕನ್ನಡದಲ್ಲಿ ಬರೆಯುವುದೇ ಸಹಜ. ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಕೇಳಿದರೆ ಮೊದಲು ಕನ್ನಡದಲ್ಲಿ ಯೋಚಿಸಿ ಬರೆದುಕೊಂಡು, ನಂತರ ಸರಳವಾದ ಇಂಗ್ಲಿಷಿಗೆ ತಂದು, ಅಧ್ಯಾಪಕರೊಬ್ಬರಿಗೆ ತೋರಿಸಿರಿ. ಕನ್ನಡದ ಅರ್ಜಿಯನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿದ್ದರೆ ಪಿಡಿಎಫ್ ಮಾಡಿಯೇ ಮಿಂಚಂಚೆಯಲ್ಲಿ ಕಳುಹಿಸಬೇಕು. ಇಲ್ಲದಿದ್ದರೆ ಆ ಕಡೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ.

ಖರ್ಚಿನ ಪಟ್ಟಿ

ಕೇಳುವ ಮೊತ್ತ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದಕ್ಕಿಂತ ಲೆಕ್ಕ ನಂಬುವಂತಿದೆಯೇ ಎಂಬುದನ್ನು ಸಮಿತಿ ನೋಡುತ್ತದೆ. ಸಿಂದಗಿಯ ವಿದ್ಯಾರ್ಥಿಯೊಬ್ಬ ವಿಜಯಪುರದಲ್ಲಿ ಎರಡು ತಿಂಗಳು ಕೆಲಸ ಮಾಡುತ್ತಾನೆಂದು ಇಟ್ಟುಕೊಳ್ಳೋಣ. ಹಂಚಿಕೊಂಡ ಕೊಠಡಿಯ ಬಾಡಿಗೆ ತಿಂಗಳಿಗೆ 2,000ದಂತೆ 4,000 ರೂಪಾಯಿ. ಖಾನಾವಳಿಗೆ ತಿಂಗಳಿಗೆ 3,200ರಂತೆ 6,400. ಹಳ್ಳಿಗಳ ಭೇಟಿಗೆ 16 ಸಲ ತಲಾ 100ರಂತೆ 1,600. ಊರಿಗೆ ನಾಲ್ಕು ಸಲ ಹೋಗಿಬರಲು ತಲಾ 160ರಂತೆ 640. ಮುದ್ರಣ ಮತ್ತು ಝೆರಾಕ್ಸ್‌ಗೆ 600. ಒಟ್ಟು 13,240 ರೂಪಾಯಿ. ದರಗಳು ಇಲ್ಲಿ ಉದಾಹರಣೆಗೆ ಮಾತ್ರ, ನಿಮ್ಮ ದರಗಳನ್ನು ನೀವೇ ವಿಚಾರಿಸಿ ಬರೆಯಬೇಕು. ಆದರೆ ಹೀಗೆ ಎಷ್ಟು ಸಲ, ತಲಾ ಎಷ್ಟು ಎಂದು ಬಿಡಿಸಿ ಬರೆದ ಪಟ್ಟಿಯನ್ನು ಯಾರೂ ಅನುಮಾನಿಸುವುದಿಲ್ಲ. ‘ಇತರೆ ಖರ್ಚು 5,000’ ಎಂಬ ಒಂದೇ ಸಾಲು ಇಡೀ ಪಟ್ಟಿಯನ್ನು ಹಾಳುಮಾಡುತ್ತದೆ.

ವಿದ್ಯಾರ್ಥಿನಿಯರು ಒಂದು ವಿಷಯವನ್ನು ಗಮನಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ ಆ ಬಸ್ ದರವನ್ನು ಪಟ್ಟಿಯಲ್ಲಿ ಸೇರಿಸಬಾರದು. ಬಸ್ಸಿಲ್ಲದ ಹಳ್ಳಿಗೆ ಟಂಟಂ ಅಥವಾ ಆಟೋ ಹಿಡಿಯಬೇಕಾದರೆ, ಸುರಕ್ಷತೆಯ ದೃಷ್ಟಿಯಿಂದ ವಸತಿಗೃಹದಲ್ಲಿ ಇರಬೇಕಾಗಿ ಬಾಡಿಗೆ ಹೆಚ್ಚಾದರೆ, ಆ ಕಾರಣಗಳನ್ನು ಒಂದು ವಾಕ್ಯದಲ್ಲಿ ವಿವರಿಸಿ ಕೇಳಿರಿ. ಇದು ನ್ಯಾಯವಾದ ಖರ್ಚು. ರಜೆಯಲ್ಲಿ ಕೂಲಿಗೋ ಅಂಗಡಿಯ ಕೆಲಸಕ್ಕೋ ಹೋಗಿ ಗಳಿಸುತ್ತಿದ್ದ ಹಣ ಈ ಸಲ ಕೈತಪ್ಪುತ್ತದೆ ಎಂಬುದನ್ನೂ ಪಟ್ಟಿಯ ಕೆಳಗೆ ಪ್ರತ್ಯೇಕವಾಗಿ ಬರೆಯಬಹುದು. ಅದನ್ನು ತುಂಬಿಕೊಡಲು ನಿಯಮದಲ್ಲಿ ಅವಕಾಶವಿಲ್ಲದಿದ್ದರೂ ಸಮಿತಿಗೆ ನಿಮ್ಮ ಪರಿಸ್ಥಿತಿ ತಿಳಿಯುತ್ತದೆ.

ಶಿಫಾರಸು ಪತ್ರ ಮತ್ತು ದಾಖಲೆಗಳು

ಶಿಫಾರಸು ಪತ್ರವನ್ನು ನಿಮ್ಮ ಬರವಣಿಗೆಯನ್ನು ಓದಿದ, ಪಾಠ ಹೇಳಿದ ಅಧ್ಯಾಪಕರಿಂದಲೇ ಪಡೆಯಿರಿ. ಹುದ್ದೆ ದೊಡ್ಡದೆಂಬ ಕಾರಣಕ್ಕೆ ನಿಮ್ಮನ್ನರಿಯದವರ ಬಳಿ ಹೋಗಬೇಡಿರಿ. ಕನಿಷ್ಠ ಎರಡು ವಾರ ಮೊದಲು, ಉದ್ದೇಶ ಪತ್ರ ಮತ್ತು ಒಪ್ಪಿಗೆ ಪತ್ರದ ಪ್ರತಿಗಳನ್ನು ಕೊಟ್ಟು, ‘ಸರ್, ನಾನು ತಮ್ಮ ತರಗತಿಯಲ್ಲಿ ಮಾಡಿದ ಪಂಚಾಯತಿ ಸಮೀಕ್ಷೆಯ ಬಗ್ಗೆ ಬರೆಯುವುದಾದರೆ ಅನುಕೂಲವಾಗುತ್ತದೆ’ ಎಂದು ವಿನಯದಿಂದ ಹೇಳಿದರೆ ಅವರಿಗೂ ಬರೆಯಲು ಸುಲಭ.

ಅಂಕಪಟ್ಟಿಗಳು, ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವು ಸಾಮಾನ್ಯವಾಗಿ ಬೇಕಾಗುತ್ತವೆ. ನಮ್ಮ ಭಾಗದಲ್ಲಿ ದೊಡ್ಡ ತೊಡಕು ಹೆಸರಿನದು. ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಕ್ರಮದಲ್ಲಿ, ಆಧಾರ್‌ನಲ್ಲಿ ಇನ್ನೊಂದು ಕ್ರಮದಲ್ಲಿ, ಪಾಸ್‌ಬುಕ್ಕಿನಲ್ಲಿ ತಂದೆಯ ಹೆಸರೇ ಇಲ್ಲದೆ ಇರುವುದುಂಟು. ಹಣ ಮಂಜೂರಾದ ಮೇಲೂ ಖಾತೆಗೆ ಜಮೆಯಾಗದೆ ನಿಲ್ಲುವುದಕ್ಕೆ ಇದು ಕಾರಣವಾಗಬಹುದು. ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಹೆಸರು ಸರಿಪಡಿಸಿಕೊಂಡು, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಳ್ಳಿರಿ. ಅಸಲು ದಾಖಲೆಗಳನ್ನು ಯಾರಿಗೂ ಕೊಟ್ಟು ಬರಬೇಡಿರಿ. ಸ್ವಯಂ ದೃಢೀಕರಿಸಿದ ಪ್ರತಿಗಳನ್ನು ಮಾತ್ರ ಲಗತ್ತಿಸಿರಿ.

ಸಂದರ್ಶನ ಮತ್ತು ಅದರ ನಂತರ

ಸಂದರ್ಶನದಲ್ಲಿ ಸಾಮಾನ್ಯ ಜ್ಞಾನದ ಪರೀಕ್ಷೆ ನಡೆಯುವುದು ಅಪರೂಪ. ನೀವು ಆರಿಸಿಕೊಂಡ ಕಚೇರಿ ಏನು ಮಾಡುತ್ತದೆ, ಕೇಳಿದ ದಾಖಲೆಗಳು ಸಿಗದಿದ್ದರೆ ಏನು ಮಾಡುವಿರಿ, ಕಡಿಮೆ ಹಣ ಮಂಜೂರಾದರೆ ಯಾವುದನ್ನು ಬಿಡುವಿರಿ ಎಂಬಂಥ ಪ್ರಶ್ನೆಗಳಿಗೆ ಸಿದ್ಧರಾಗಿರಿ. ಮೂರನೆಯ ಪ್ರಶ್ನೆಗೆ ‘ಆರರ ಬದಲು ನಾಲ್ಕು ಹಳ್ಳಿಗಳಿಗೆ ಹೋಗುತ್ತೇನೆ’ ಎಂಬ ನೇರ ಉತ್ತರ ಸಾಕು. ತಿಳಿಯದಿದ್ದುದನ್ನು ತಿಳಿಯದೆಂದೇ ಹೇಳಿರಿ. ಧಾರವಾಡ ಕಡೆಯ ಕನ್ನಡದಲ್ಲಿಯೋ ವಿಜಯಪುರದ ಕನ್ನಡದಲ್ಲಿಯೋ ನಿಮ್ಮ ಮನೆಯಲ್ಲಿ ಆಡುವಂತೆ ಮಾತನಾಡಿದರೆ ಯಾರೂ ಕಡಿಮೆಯೆಂದು ಎಣಿಸುವುದಿಲ್ಲ.

ಫೆಲೋಶಿಪ್ ದೊರೆತ ಮೇಲೆ ಪ್ರತಿದಿನ ಬಂದ ವೇಳೆ, ಹೋದ ವೇಳೆ, ಮಾಡಿದ ಕೆಲಸ ಇವನ್ನು ಒಂದು ವಹಿಯಲ್ಲಿ ಬರೆದು ವಾರಕ್ಕೊಮ್ಮೆ ಮಾರ್ಗದರ್ಶಕರ ಸಹಿ ಪಡೆಯಿರಿ. ಖರ್ಚಿನ ರಸೀದಿಗಳನ್ನು ಅದೇ ವಹಿಯಲ್ಲಿ ಅಂಟಿಸಿಟ್ಟುಕೊಳ್ಳಿರಿ. ಕಚೇರಿಯ ಕಡತಗಳ ಫೋಟೋ ತೆಗೆಯುವುದು, ಫಲಾನುಭವಿಗಳ ಹೆಸರು ಮತ್ತು ಆಧಾರ್ ಸಂಖ್ಯೆಗಳನ್ನು ವರದಿಯಲ್ಲಿ ಬರೆಯುವುದು ಎಂದಿಗೂ ಕೂಡದು. ಅವು ತಮ್ಮ ಕಷ್ಟ ಹೇಳಿಕೊಂಡು ಕಚೇರಿಗೆ ಬಂದ ಜನರಿಗೆ ಸೇರಿದ ವಿವರಗಳು. ಕೆಲಸದ ಕೊನೆಯ ವಾರದಲ್ಲಿ ವರದಿಯ ಒಂದು ಪ್ರತಿಯನ್ನು ಶಾಖೆಗೆ ಕೊಟ್ಟು, ಅವಧಿ ಪೂರ್ಣಗೊಳಿಸಿದ ಬಗ್ಗೆ ಪ್ರಮಾಣಪತ್ರ ಕೋರಿರಿ. ಅದರ ಮೇಲೆ ಜಾವಕ ಸಂಖ್ಯೆ (ಕಚೇರಿಯಿಂದ ಹೊರಹೋಗುವ ಪತ್ರದ ಸಂಖ್ಯೆ), ತಾರೀಖು ಮತ್ತು ಮುದ್ರೆ ಬಿದ್ದಿವೆಯೇ ಎಂದು ಅಲ್ಲಿಯೇ ನೋಡಿಕೊಂಡು, ರಸೀದಿಗಳು ಹಾಗೂ ವರದಿಯೊಂದಿಗೆ ವಿಶ್ವವಿದ್ಯಾಲಯಕ್ಕೆ ನಿಗದಿತ ದಿನದೊಳಗೆ ಸಲ್ಲಿಸಿರಿ.